ಕಂತು ನೋಡಿದ ಮೇಲೆ ತೆರೆಯಬೇಕಾದ ಪುಸ್ತಕ

ಉಡುಪಿಯ ಕಡಿಯಾಳಿಯಲ್ಲಿ ಬಾಡಿಗೆಗೆ ಹಿಡಿದ ಒಂದು ಸಭಾಂಗಣದಲ್ಲಿ ನಾನು ಹದಿನೇಳು ವರ್ಷಗಳಿಂದ ಮಕ್ಕಳಿಗೆ ಕರಾಟೆ ಕಲಿಸುತ್ತಿದ್ದೇನೆ. ಮಳೆಗಾಲದಲ್ಲಿ, ಅದರಲ್ಲೂ ಆಟಿ ತಿಂಗಳಲ್ಲಿ, ಅಂಗಳದ ಅಭ್ಯಾಸ ಪೂರ್ತಿ ನಿಂತುಹೋಗುವುದರಿಂದ ಶನಿವಾರ ಸಂಜೆ ಮಕ್ಕಳನ್ನು ಸಾಲಾಗಿ ಚಾಪೆಯ ಮೇಲೆ ಕೂರಿಸಿ, ಬಹ್ರೇನಿನಲ್ಲಿರುವ ನನ್ನ ಭಾವ ತಂದುಕೊಟ್ಟ ಡಿವಿಡಿಗಳಿಂದ ‘ಕುಂಗ್ ಫು’ ಎಂಬ ಹಳೆಯ ಅಮೆರಿಕನ್ ಧಾರಾವಾಹಿಯ ಒಂದೊಂದು ಕಂತನ್ನು ತೋರಿಸುವುದು ಕೆಲವು ವರ್ಷಗಳಿಂದ ನಡೆದುಬಂದಿದೆ. ಕಳೆದ ವರ್ಷ ಹೊಸದಾಗಿ ಸೇರಿದ ಹತ್ತು ವರ್ಷದ ಹುಡುಗಿಯೊಬ್ಬಳು ಕಂತಿನ ನಡುವೆಯೇ ಕೈಯೆತ್ತಿ, “ಸರ್, ಆ ಅಜ್ಜ ಅವನನ್ನು ಮಿಡತೆ ಅಂತ ಯಾಕೆ ಕರೆಯುವುದು?” ಎಂದು ಕೇಳಿದಳು. ಅದಕ್ಕೆ ಉತ್ತರ ನನಗೆ ಗೊತ್ತಿತ್ತು. ಆದರೆ ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. ಈ ಕಥೆಯನ್ನು ಬರೆದವರು ಚೀನಾದವರೇ, ಆ ದೇವಸ್ಥಾನ ನಿಜವಾಗಿ ಎಲ್ಲಿದೆ, ದೊಡ್ಡವನಾದ ಕಥಾನಾಯಕ ಕೇನ್ ನೋಡಲು ಚೀನೀಯನ ಹಾಗೆ ಏಕಿಲ್ಲ, ಗುರುಗಳು ಹೇಳುವ ಮಾತುಗಳು ಬುದ್ಧನವೇ ಎಂದು ಒಂದರ ಮೇಲೊಂದು ಕೇಳಿದಾಗ, ಇಷ್ಟು ವರ್ಷ ತೋರಿಸುತ್ತ ಬಂದ ಧಾರಾವಾಹಿಯ ಬಗ್ಗೆ ನನಗೆ ತಿಳಿದಿರುವುದು ಎಷ್ಟು ಕಡಿಮೆ ಎಂಬುದು ಅರಿವಾಯಿತು. ಈ ಧಾರಾವಾಹಿಯ ಕೈಪಿಡಿಯನ್ನು ಹುಡುಕಿ ತರಿಸಿಕೊಳ್ಳಲು ಆ ನಾಲ್ಕು ಪ್ರಶ್ನೆಗಳೇ ಕಾರಣ. ಹಾಗಾಗಿ ಪುಸ್ತಕವನ್ನು ಅಳೆಯುವುದಕ್ಕೂ ಅವನ್ನೇ ಇಟ್ಟುಕೊಂಡಿದ್ದೇನೆ.

ಧಾರಾವಾಹಿಯನ್ನು ನೋಡದವರಿಗಾಗಿ ಕೆಲವು ಮಾತುಗಳನ್ನು ಹೇಳಬೇಕು. ಅಮೆರಿಕದ ಎಬಿಸಿ ವಾಹಿನಿಯಲ್ಲಿ 1972ರ ಫೆಬ್ರವರಿ 22ರಂದು ‘ಕುಂಗ್ ಫು’ ಮೊದಲು ಒಂದು ಕಿರುತೆರೆ ಚಿತ್ರವಾಗಿ ಪ್ರಸಾರವಾಯಿತು. ಜನ ಮೆಚ್ಚಿದ್ದರಿಂದ ಅದೇ ವರ್ಷದ ಅಕ್ಟೋಬರಿನಲ್ಲಿ ಧಾರಾವಾಹಿಯಾಗಿ ಆರಂಭಗೊಂಡು 1975ರ ಏಪ್ರಿಲ್‌ವರೆಗೆ ಮೂರು ಸರಣಿಗಳಲ್ಲಿ ನಡೆಯಿತು. ಕಥಾನಾಯಕ ಕ್ವಾಯ್ ಚಾಂಗ್ ಕೇನ್‌ನ ತಂದೆ ಅಮೆರಿಕದವನು, ತಾಯಿ ಚೀನಾದವಳು. ಅನಾಥನಾದ ಬಾಲಕ ಶಾವೊಲಿನ್ ಮಠದಲ್ಲಿ ಬೆಳೆದು ಸನ್ಯಾಸಿಯಾಗುತ್ತಾನೆ. ತನ್ನ ಕುರುಡು ಗುರು ಪೋ ಅವರನ್ನು ಕಣ್ಣೆದುರೇ ಕೊಂದಾಗ ಆತ ಚಕ್ರವರ್ತಿಯ ಸೋದರಳಿಯನನ್ನು ಕೊಲ್ಲುತ್ತಾನೆ. ತಲೆಗೆ ಬಹುಮಾನ ಘೋಷಣೆಯಾಗಿ ದೇಶ ಬಿಟ್ಟು, ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಪಶ್ಚಿಮ ಭಾಗದಲ್ಲಿ ತನ್ನ ತಂದೆಯ ಇನ್ನೊಬ್ಬ ಮಗ ಡ್ಯಾನಿಯನ್ನು ಹುಡುಕುತ್ತ ಅಲೆಯುತ್ತಾನೆ. ಪ್ರತಿ ಕಂತಿನಲ್ಲೂ ಒಂದು ಸಂಕಟ ಎದುರಾಗುತ್ತದೆ, ಆಗ ಮಠದ ಬಾಲ್ಯದ ಒಂದು ಪಾಠ ನೆನಪಾಗುತ್ತದೆ, ಆ ಪಾಠವೇ ಮುಂದಿನ ದಾರಿ ತೋರಿಸುತ್ತದೆ. ತಾಳಮದ್ದಳೆಯಲ್ಲಿ ಅರ್ಥಧಾರಿ ತನ್ನ ಇಂದಿನ ನಿಲುವನ್ನು ಸಮರ್ಥಿಸಲು ಹಿಂದಿನ ಘಟನೆಯೊಂದನ್ನು ಎತ್ತಿಕೊಂಡು ಸಾವಕಾಶವಾಗಿ ಬಿಡಿಸುವುದನ್ನು ಕೇಳಿ ಬೆಳೆದ ನಮಗೆ ಈ ಹೆಣಿಗೆ ಅಪರಿಚಿತವೆನಿಸುವುದಿಲ್ಲ. ಮಿಡತೆಯ ಹೆಸರು ಬಂದದ್ದು ಕೂಡ ಅಂಥ ಒಂದು ನೆನಪಿನಿಂದಲೇ. ಕುರುಡು ಗುರು ಬಾಲಕನಿಗೆ ಕಣ್ಣು ಮುಚ್ಚಿ ಕೇಳಿಸುವುದೆಲ್ಲವನ್ನೂ ಹೇಳು ಎನ್ನುತ್ತಾರೆ. ಅವನು ನೀರಿನ ಸದ್ದು, ಹಕ್ಕಿಗಳ ಸದ್ದು ಎನ್ನುತ್ತಾನೆ. ಅವನ ಕಾಲಬುಡದಲ್ಲಿದ್ದ ಮಿಡತೆಯ ಸದ್ದು ಕೇಳಿಸಿದ್ದು ಗುರುವಿಗೆ ಮಾತ್ರ. ಅಂದಿನಿಂದ ಆ ಹುಡುಗನಿಗೆ ಅದೇ ಹೆಸರು.

ನಾನು ತರಿಸಿಕೊಂಡದ್ದು ಹರ್ಬಿ ಜೆ. ಪಿಲಾಟೊ ಅವರ ‘ದಿ ಕುಂಗ್ ಫು ಬುಕ್ ಆಫ್ ಕೇನ್’ ಎಂಬ ಇಂಗ್ಲಿಷ್ ಪುಸ್ತಕ. ಪೌರ್ವಾತ್ಯ ವಿಷಯಗಳ ಪುಸ್ತಕಗಳಿಗೆ ಹೆಸರಾದ ಟಟಲ್ ಪ್ರಕಾಶನ ಇದನ್ನು 1993ರಲ್ಲಿ ಹೊರತಂದಿತು. ಮಂಗಳೂರಿನ ಹಂಪನಕಟ್ಟೆಯ ಸುತ್ತಮುತ್ತ ಹಳೆಯ ಪುಸ್ತಕ ಮಾರುವ ಕಡೆಗಳಲ್ಲೆಲ್ಲ ವಿಚಾರಿಸಿ ಸಿಗದೆ, ಕೊನೆಗೆ ಆನ್‌ಲೈನಿನಲ್ಲಿ ಬಳಸಿದ ಪ್ರತಿಯೊಂದನ್ನು ಕೊಂಡೆ. ಮೊದಲು ಹಣ ಪಡೆದ ಮಾರಾಟಗಾರರು ಕುಂಗ್ ಫು ಕಲಿಸುವ ಬೇರೊಂದು ಪುಸ್ತಕವನ್ನು ಕಳಿಸಿ, ಹಿಂದಿರುಗಿಸಲು ಒಂದು ತಿಂಗಳು ಓಡಾಡಿಸಿದರು. ಎರಡನೆಯ ಬಾರಿ ಸರಿಯಾದ ಪ್ರತಿ ಬಂತು. ಅಂಚೆವೆಚ್ಚ ಸೇರಿ ಸಾವಿರದ ಐನೂರು ರೂಪಾಯಿಯ ಹತ್ತಿರ ಬಿದ್ದಿತು. ಮೂವತ್ತು ವರ್ಷ ದಾಟಿದ ಕಾಗದದ ಹೊದಿಕೆಯ ಪುಸ್ತಕಕ್ಕೆ ಇದು ಸಣ್ಣ ಮೊತ್ತವಲ್ಲ ಎಂಬ ಅರಿವಿನಿಂದಲೇ ಓದಲು ಕುಳಿತೆ.

ಮೊದಲ ಪ್ರಶ್ನೆಗೆ ಪುಸ್ತಕ ಚೆನ್ನಾಗಿ ಉತ್ತರಿಸುತ್ತದೆ. ಕಥೆಯ ಮೂಲ ಎಡ್ ಸ್ಪೀಲ್‌ಮನ್ ಎಂಬ ನ್ಯೂಯಾರ್ಕಿನ ತರುಣ ಬರಹಗಾರರದು. ಅವರು ಬ್ರೂಕ್ಲಿನ್ ಕಾಲೇಜಿನಲ್ಲಿ ಚೀನೀ ಭಾಷೆ ಕಲಿತವರು. ಗೆಳೆಯ ಹೋವರ್ಡ್ ಫ್ರೀಡ್‌ಲ್ಯಾಂಡರ್ ಜೊತೆ ಸೇರಿ ಅವರು ಬರೆದ ಚಿತ್ರಕಥೆ ವಾರ್ನರ್ ಸಂಸ್ಥೆಯನ್ನು ತಲುಪಿತು. ಅದನ್ನು ಧಾರಾವಾಹಿಯ ರೂಪಕ್ಕೆ ಒಗ್ಗಿಸಿದವರು ಹರ್ಮನ್ ಮಿಲ್ಲರ್. ನಿರ್ಮಿಸಿ, ಮುಖ್ಯ ಕಂತುಗಳನ್ನು ನಿರ್ದೇಶಿಸಿ, ಇಡೀ ಕೆಲಸಕ್ಕೆ ಒಂದು ಶೈಲಿಯನ್ನು ಕೊಟ್ಟವರು ಜೆರಿ ಥೋರ್ಪ್. ಹೀಗೆ ಹೆಸರುಗಳನ್ನು ಪೋಣಿಸಿ ಹೇಳಿದರೆ ಒಣ ಪಟ್ಟಿಯಂತೆ ಕೇಳುತ್ತದೆ, ಆದರೆ ಪಿಲಾಟೊ ಈ ಜನರನ್ನು ಮಾತಿಗೆ ಕೂರಿಸಿ, ಅವರ ನೆನಪುಗಳಿಂದಲೇ ಕಥೆಯನ್ನು ಕಟ್ಟಿರುವುದರಿಂದ ಓದು ಬೇಸರ ತರುವುದಿಲ್ಲ. ಇಂದು ಯಾವ ಕಂತು ಯಾವ ದಿನ ಬಂತು ಎಂಬುದನ್ನು ಮೊಬೈಲಿನಲ್ಲೇ ನೋಡಬಹುದು. ಅದಕ್ಕಾಗಿ ಪುಸ್ತಕ ಕೊಳ್ಳುವವರಿಲ್ಲ. ಕೇನ್ ಪಾತ್ರ ಮಾಡಿದ ನಟ ಡೇವಿಡ್ ಕ್ಯಾರಡೈನ್ 2009ರಲ್ಲಿ ತೀರಿಕೊಂಡರು, ಥೋರ್ಪ್ ಕೂಡ ಈಗ ಇಲ್ಲ. ಆ ಕೆಲಸದ ಬಗೆಗಿನ ಅವರ ಕಾಲದ ನೆನಪುಗಳು ಮಾಸುವ ಮುನ್ನ ಕೇಳಿ ಬರೆದಿಟ್ಟಿರುವುದೇ ಈ ಕೈಪಿಡಿಯ ನಿಜವಾದ ಬೆಲೆ.

ದೇವಸ್ಥಾನ ಎಲ್ಲಿದೆ ಎಂಬ ಎರಡನೆಯ ಪ್ರಶ್ನೆಯ ಉತ್ತರ ಮಕ್ಕಳನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸಿತು. ನಿಜವಾದ ಶಾವೊಲಿನ್ ಮಠ ಚೀನಾದ ಹೆನಾನ್ ಪ್ರಾಂತ್ಯದ ಸೋಂಗ್ ಪರ್ವತದಲ್ಲಿದೆ. ತೆರೆಯ ಮೇಲೆ ಕಾಣುವುದು ಅದಲ್ಲ. 1967ರಲ್ಲಿ ‘ಕ್ಯಾಮಲಾಟ್’ ಎಂಬ ಚಲನಚಿತ್ರಕ್ಕಾಗಿ ವಾರ್ನರ್ ಸ್ಟುಡಿಯೊದ ಬಯಲಿನಲ್ಲಿ ಕಟ್ಟಿದ್ದ ಇಂಗ್ಲೆಂಡಿನ ರಾಜನ ಕೋಟೆಯನ್ನೇ ಬದಲಿಸಿ ಮಠವನ್ನಾಗಿ ಮಾಡಿದರು. ಅದೇ ಕಲ್ಲುಗೋಡೆಗಳ ಒಳಗೆ ಮೇಣದಬತ್ತಿಗಳನ್ನು ಸಾಲುಗಟ್ಟಿ ಹಚ್ಚಿ, ಹೊಗೆ ಹರಡಿ, ಮಂದ ಬೆಳಕಿನಲ್ಲಿ ಚಿತ್ರೀಕರಿಸಿದಾಗ ಚೀನಾ ಮೂಡಿತು. ಯಕ್ಷಗಾನದ ರಂಗಸ್ಥಳದಲ್ಲಿ ಒಂದೇ ರಥ ಒಮ್ಮೆ ಸಿಂಹಾಸನವಾಗಿ, ಇನ್ನೊಮ್ಮೆ ಬೆಟ್ಟವಾಗಿ ನಿಲ್ಲುವುದನ್ನು ರಾತ್ರಿಯಿಡೀ ನೋಡಿದ ಮಕ್ಕಳಿಗೆ ಈ ವಿಷಯವನ್ನು ವಿವರಿಸುವ ಕಷ್ಟ ನನಗೆ ಬರಲಿಲ್ಲ. ಮಠವೆಂದರೆ ಪೂಜೆಯ ಜಾಗವೂ ಹೌದು, ಕಸರತ್ತಿನ ಜಾಗವೂ ಹೌದು ಎಂಬುದು ಕೂಡ ಅವರಿಗೆ ಸಹಜವಾಗಿಯೇ ತೋರಿತು. ಕೋಟಿ ಚೆನ್ನಯರ ಗರಡಿಗಳು ಊರೂರಿನಲ್ಲಿರುವ ನಾಡಿನ ಮಕ್ಕಳಲ್ಲವೇ ಅವರು? ‘ಆ್ಯನ್ ಐ ಫಾರ್ ಆ್ಯನ್ ಐ’ ಎಂಬ ಕಂತಿನ ನಿರ್ದೇಶನಕ್ಕೆ ಥೋರ್ಪ್ ಅವರಿಗೂ ಛಾಯಾಗ್ರಹಣಕ್ಕೆ ಜ್ಯಾಕ್ ವುಲ್ಫ್ ಅವರಿಗೂ 1973ರಲ್ಲಿ ಅಮೆರಿಕದ ಕಿರುತೆರೆಯ ಎಮ್ಮಿ ಪ್ರಶಸ್ತಿ ಬಂದದ್ದು ಏಕೆ ಎಂಬುದು ಈ ಬೆಳಕಿನ ಕೆಲಸವನ್ನು ತಿಳಿದು ನೋಡಿದಾಗಲೇ ನನಗೆ ಅರ್ಥವಾಯಿತು. ಹತ್ತಾರು ಬಾರಿ ನೋಡಿದ್ದ ದೃಶ್ಯಗಳನ್ನು ಮತ್ತೆ ಹೊಸದಾಗಿ ನೋಡುವಂತೆ ಮಾಡಿದ ಪುಟಗಳಿವು.

ಮೂರನೆಯ ಪ್ರಶ್ನೆ ಕಠಿಣವಾದದ್ದು, ಇಲ್ಲಿ ಪುಸ್ತಕದೊಂದಿಗೆ ನನ್ನ ಒಪ್ಪಿಗೆ ಅರ್ಧ ಮಾತ್ರ. ಕೇನ್ ಪಾತ್ರ ಬ್ರೂಸ್ ಲೀ ಅವರಿಗೆ ಸಿಗಬೇಕಾಗಿತ್ತು ಎಂಬ ಮಾತನ್ನು ಸಮರಕಲೆ ಕಲಿತವರು ಎಲ್ಲೆಡೆ ಆಡುತ್ತಾರೆ. ಮಂಗಳೂರಿನ ಕರಾಟೆ ತರಗತಿಗಳಲ್ಲಿ ನಾನು ವಿದ್ಯಾರ್ಥಿಯಾಗಿದ್ದಾಗಲೂ ಅದನ್ನು ಕೇಳಿದ್ದೆ. ಲೀ ಅವರ ಪತ್ನಿ ಲಿಂಡಾ, ಇಂಥದೊಂದು ಕಥೆಯ ಕಲ್ಪನೆಯನ್ನು ತಮ್ಮ ಪತಿಯೇ ಬೆಳೆಸುತ್ತಿದ್ದರು ಎಂದು ಬರೆದಿದ್ದಾರೆ. 1971ರಲ್ಲಿ ಪಿಯರ್ ಬರ್ಟನ್ ಅವರಿಗೆ ಕೊಟ್ಟ ದೂರದರ್ಶನ ಸಂದರ್ಶನದಲ್ಲಿ ಲೀ ‘ದಿ ವಾರಿಯರ್’ ಎಂಬ, ಅಮೆರಿಕದ ಪಶ್ಚಿಮ ಭಾಗದಲ್ಲಿ ನಡೆಯುವ ಕಥೆಯೊಂದರ ಬಗ್ಗೆ ಮಾತನಾಡಿ, ಏಷ್ಯಾದ ನಟನನ್ನು ನಾಯಕನನ್ನಾಗಿಸಲು ಅಮೆರಿಕದ ಹಣ ಹೂಡುವವರು ಹಿಂಜರಿಯುತ್ತಾರೆ ಎಂಬುದನ್ನೂ ತಾವೇ ಹೇಳಿದರು. ಪಿಲಾಟೊ ಅವರ ಪುಸ್ತಕ ಈ ವಿಷಯವನ್ನು ಮುಚ್ಚಿಡುವುದಿಲ್ಲ. ಪಾತ್ರಕ್ಕೆ ಏಷ್ಯಾದ ನಟನನ್ನು ಆರಿಸಬೇಕೇ ಎಂಬ ಚರ್ಚೆ ನಡೆದಿತ್ತೆಂದೂ, ಬ್ರೂಸ್ ಲೀ ಅವರ ಹೆಸರು ಪರಿಶೀಲನೆಯಲ್ಲಿತ್ತೆಂದೂ ಸ್ಪಷ್ಟವಾಗಿ ಬರೆಯುತ್ತದೆ. ನಿರ್ಮಾಣ ತಂಡದ ಹಾರ್ವಿ ಫ್ರ್ಯಾಂಡ್ ಅವರ ಮಾತನ್ನು ಅದು ದಾಖಲಿಸಿದೆ: ತಮಗೂ ಥೋರ್ಪ್ ಅವರಿಗೂ ಕ್ಯಾರಡೈನ್ ಅವರೇ ಮೊದಲ ಆಯ್ಕೆಯಾಗಿದ್ದರು, ವಾಹಿನಿಗೆ ಇನ್ನಷ್ಟು ಕಟ್ಟುಮಸ್ತಾದ ನಟ ಬೇಕಿತ್ತು, ಸ್ಟುಡಿಯೊಕ್ಕೆ ಲೀ ಬೇಕಿತ್ತು ಎಂಬುದು ಅದರ ಸಾರಾಂಶ. ಸಮರಕಲೆಯ ಚಿತ್ರಗಳಲ್ಲಿ ಲೀ ಮುಂದೆ ದೊಡ್ಡ ಯಶಸ್ಸು ಪಡೆದರೂ ಈ ಧಾರಾವಾಹಿಗೆ ಅವರು ಹೊಂದುತ್ತಿರಲಿಲ್ಲ ಎಂಬುದು ಫ್ರ್ಯಾಂಡ್ ಅವರ ಅಭಿಪ್ರಾಯ.

ಕೇನ್‌ನ ಮೌನ, ಅವನ ನಿಧಾನ, ಯಾರ ಮೇಲೂ ಕೈ ಎತ್ತಲು ಒಲ್ಲದ ಅವನ ಸ್ವಭಾವ ಇವನ್ನೆಲ್ಲ ಕ್ಯಾರಡೈನ್ ಬಹಳ ಚೆನ್ನಾಗಿ ಅಭಿನಯಿಸಿದ್ದಾರೆ ಎಂಬುದನ್ನು ನಾನು ಮನಃಪೂರ್ವಕ ಒಪ್ಪುತ್ತೇನೆ. ಆದರೆ ಒಂದು ಆಯ್ಕೆ ಸರಿಯಾಗಿತ್ತು ಎಂದು ಆ ಆಯ್ಕೆಯನ್ನು ಮಾಡಿದವರೇ ಹೇಳಿದಾಗ, ಎದುರು ಪಕ್ಷದವರನ್ನೂ ಅಷ್ಟೇ ವಿವರವಾಗಿ ಕೇಳಿಸಿಕೊಳ್ಳುವುದು ಗ್ರಂಥಕರ್ತರ ಹೊಣೆ. ಅಮೆರಿಕದಲ್ಲಿದ್ದ ಏಷ್ಯಾ ಮೂಲದ ಕಲಾವಿದರಿಗೆ ಆ ಆಯ್ಕೆ ಆಗಲೇ ನೋವು ತಂದಿತ್ತು. ಆ ನೋವಿಗೆ ಈ ಪುಸ್ತಕದಲ್ಲಿ ಸಿಕ್ಕ ಜಾಗ ನನಗೆ ಸಾಲದೆನಿಸಿತು. ಧಾರಾವಾಹಿಯನ್ನು ಮಾಡಿದವರ ಮೇಲಿನ ಗೌರವದಿಂದ ಬರೆದ ಪುಸ್ತಕ ಇದು; ಆ ಗೌರವ ನ್ಯಾಯವಾದದ್ದೇ ಆದರೂ, ಇಲ್ಲಿ ಅದು ಪ್ರಶ್ನೆಯನ್ನು ಮುಂದುವರಿಸಲು ಬಿಡುವುದಿಲ್ಲ. 1993ರ ಪುಸ್ತಕಕ್ಕೆ ನಂತರದ ಸಂಗತಿಗಳು ತಿಳಿದಿರಲು ಸಾಧ್ಯವಿಲ್ಲ, ಆದ್ದರಿಂದ ಓದುಗರು ತಾವೇ ಸೇರಿಸಿಕೊಳ್ಳಬೇಕು: ಲೀ ಅವರ ಬರಹಗಳನ್ನು ಆಧರಿಸಿದ ‘ವಾರಿಯರ್’ ಧಾರಾವಾಹಿ 2019ರಲ್ಲಿ ಬಂತು, ಚೀನೀ ಮೂಲದ ನಟಿ ಒಲಿವಿಯಾ ಲಿಯಾಂಗ್ ಮುಖ್ಯಪಾತ್ರದಲ್ಲಿರುವ ಹೊಸ ‘ಕುಂಗ್ ಫು’ 2021ರಲ್ಲಿ ಆರಂಭವಾಯಿತು. ಹುಡುಗಿಯ ಪ್ರಶ್ನೆಗೆ ನಾನು ಕೊಟ್ಟ ಉತ್ತರದಲ್ಲಿ ಈ ಎರಡು ವಿಷಯಗಳೂ ಇದ್ದವು.

ಗುರುಗಳ ಪಾತ್ರಗಳನ್ನು ಮಾಡಿದ ಇಬ್ಬರು ಹಿರಿಯರ ಬಗ್ಗೆ ಒಂದೊಂದು ಅಧ್ಯಾಯವನ್ನೇ ಬರೆಯಬಹುದಿತ್ತು ಎಂಬುದು ನನ್ನ ಆಸೆ. ಗುರು ಪೋ ಆದ ಕೀ ಲ್ಯೂಕ್ ಚೀನಾದ ಗುವಾಂಗ್‌ಝೌನಲ್ಲಿ 1904ರಲ್ಲಿ ಹುಟ್ಟಿದವರು, ಒಳ್ಳೆಯ ಚಿತ್ರಕಲಾವಿದರು. 1940ರ ‘ಗ್ರೀನ್ ಹಾರ್ನೆಟ್’ ಸರಣಿಚಿತ್ರದಲ್ಲಿ ಅವರು ಮಾಡಿದ್ದ ಕೇಟೊ ಪಾತ್ರವನ್ನೇ 1966ರ ದೂರದರ್ಶನ ರೂಪದಲ್ಲಿ ಬ್ರೂಸ್ ಲೀ ಮಾಡಿದರು. ಒಬ್ಬರ ನಂತರ ಒಬ್ಬರು ಅದೇ ಸೇವಕನ ಪಾತ್ರದಲ್ಲಿ ನಿಂತ ಇಬ್ಬರಲ್ಲಿ ಒಬ್ಬರು ಈ ಧಾರಾವಾಹಿಯ ಗುರುವಾದರು, ಇನ್ನೊಬ್ಬರಿಗೆ ಶಿಷ್ಯನ ಪಾತ್ರ ದಕ್ಕಲಿಲ್ಲ. ಮಠದ ಹಿರಿಯ ಗುರು ಕಾನ್ ಆದ ಫಿಲಿಪ್ ಆನ್ ಕೊರಿಯಾ ಮೂಲದವರು. ಅವರ ತಂದೆ ಆನ್ ಚಾಂಗ್ ಹೋ ಕೊರಿಯಾದ ಸ್ವಾತಂತ್ರ್ಯ ಹೋರಾಟದ ದೊಡ್ಡ ನಾಯಕರು. ಜಪಾನಿನ ಆಳ್ವಿಕೆಯ ವಿರುದ್ಧ ಹೋರಾಡಿದವರ ಮಗ ಎರಡನೆಯ ಮಹಾಯುದ್ಧದ ಕಾಲದ ಅಮೆರಿಕನ್ ಚಿತ್ರಗಳಲ್ಲಿ ಮತ್ತೆ ಮತ್ತೆ ಕ್ರೂರಿ ಜಪಾನೀ ಅಧಿಕಾರಿಯ ವೇಷ ಹಾಕಬೇಕಾಯಿತು. ಅರುವತ್ತು ದಾಟಿದ ಮೇಲೆ ಕೈಯಲ್ಲಿ ಬೆಣಚುಕಲ್ಲು ಹಿಡಿದ ಗುರುವಾಗಿ ಜಗತ್ತು ಅವರನ್ನು ನೆನಪಿಟ್ಟುಕೊಂಡಿತು. ಈ ಜೀವನಗಳನ್ನು ತಿಳಿದುಕೊಂಡು ಮಠದ ದೃಶ್ಯಗಳನ್ನು ನೋಡಿದಾಗ ಆ ಮುಖಗಳ ಶಾಂತಿ ಸುಮ್ಮನೆ ಬಂದದ್ದಲ್ಲ ಎನಿಸುತ್ತದೆ. ಮಕ್ಕಳಿಗೆ ನಾನು ಇದನ್ನು ಹೇಳಿದಾಗ ಸಭಾಂಗಣದಲ್ಲಿ ಸ್ವಲ್ಪ ಹೊತ್ತು ಮಳೆಯ ಸದ್ದು ಬಿಟ್ಟು ಬೇರೇನೂ ಇರಲಿಲ್ಲ.

ಕಂತುಗಳ ವಿವರ ಈ ಕೈಪಿಡಿಯ ಬೆನ್ನೆಲುಬು. ಕಂತಿನ ಹೆಸರು, ತಂತ್ರಜ್ಞರು, ನಟವರ್ಗ, ಕಥೆಯ ಸಾರಾಂಶ ಎಲ್ಲವೂ ಕ್ರಮವಾಗಿ ಸಿಗುತ್ತವೆ. ಇದನ್ನು ಬಳಸುವ ರೀತಿಯ ಬಗ್ಗೆ ನನ್ನ ಅನುಭವದಿಂದ ಒಂದು ಮಾತು ಹೇಳಬೇಕು. ಯಕ್ಷಗಾನದ ಪ್ರಸಂಗ ಪುಸ್ತಕದಲ್ಲಿರುವುದು ಪದ್ಯಗಳು. ಅರ್ಥ ಹುಟ್ಟುವುದು ಕಲಾವಿದನ ಬಾಯಲ್ಲಿ. ಆಟ ನೋಡದವನು ಪ್ರಸಂಗ ಪುಸ್ತಕ ಓದಿದರೆ ಕಥೆ ತಿಳಿಯುತ್ತದೆ, ಆಟ ತಿಳಿಯುವುದಿಲ್ಲ. ಆಟ ನೋಡಿ ಬಂದವನು ಅದೇ ಪುಸ್ತಕ ಬಿಡಿಸಿದರೆ ಪ್ರತಿ ಪದ್ಯದಲ್ಲೂ ರಾತ್ರಿಯ ಚೆಂಡೆ ಕೇಳುತ್ತದೆ. ಈ ಕೈಪಿಡಿಯೂ ಹಾಗೆಯೇ. ಮೊದಲ ವಾರಗಳಲ್ಲಿ ನಾನು ಸಾರಾಂಶವನ್ನು ಮೊದಲೇ ಓದಿ ಮಕ್ಕಳಿಗೆ ಕನ್ನಡದಲ್ಲಿ ಹೇಳಿ, ಆಮೇಲೆ ಕಂತು ತೋರಿಸಿದೆ. ಅದು ದೊಡ್ಡ ತಪ್ಪಾಯಿತು. ‘ಅಲೀಥಿಯಾ’ ಎಂಬ ಕಂತಿನಲ್ಲಿ, ಮುಂದೆ ಬಹಳ ಪ್ರಸಿದ್ಧರಾದ ಜೋಡಿ ಫಾಸ್ಟರ್ ಎಳೆಯ ಹುಡುಗಿಯಾಗಿ ಅಭಿನಯಿಸಿದ್ದಾರೆ. ಕೇನ್‌ನ ಕೈಯಲ್ಲಿ ಬಂದೂಕು ಇದ್ದುದನ್ನು ಕಂಡ ಆ ಹುಡುಗಿ ಅವನೇ ಕೊಂದನೆಂದು ನಂಬಿ, ತಾನು ಕಂಡದ್ದನ್ನು ಪ್ರಾಮಾಣಿಕವಾಗಿ ಹೇಳುತ್ತಾಳೆ. ಅವಳು ಪ್ರೀತಿಸುವ ಮನುಷ್ಯನೇ ಅದರಿಂದ ನೇಣಿನ ಹತ್ತಿರ ಹೋಗುತ್ತಾನೆ. ಕಣ್ಣಾರೆ ಕಂಡದ್ದು ಸುಳ್ಳಾಗಬಹುದೇ ಎಂಬ ಆ ಕಂತಿನ ತಳಮಳವೆಲ್ಲ, ಮುಗಿಯುವುದು ಹೇಗೆ ಎಂದು ಮೊದಲೇ ತಿಳಿದಿದ್ದ ನನ್ನ ಮಕ್ಕಳ ಪಾಲಿಗೆ ಇಲ್ಲವಾಯಿತು. ಅಂದಿನಿಂದ ಕಂತು ಮೊದಲು, ಪುಸ್ತಕ ನಂತರ ಎಂಬ ಕ್ರಮ ಇಟ್ಟುಕೊಂಡಿದ್ದೇವೆ. ಹಾಗೆ ಮಾಡಿದಾಗ ಪುಸ್ತಕ ತುಂಬ ಒದಗುತ್ತದೆ. ನಟರ ಪಟ್ಟಿಯಲ್ಲಿ ಹ್ಯಾರಿಸನ್ ಫೋರ್ಡ್, ವಿಲಿಯಂ ಶ್ಯಾಟ್ನರ್ ಮೊದಲಾದವರ ಹೆಸರು ಕಂಡು ಹಿಂದಕ್ಕೆ ಹೋಗಿ ಆ ಮುಖವನ್ನು ಹುಡುಕುವುದು, ‘ಡಾರ್ಕ್ ಏಂಜಲ್’ ಕಂತಿನ ಕುರುಡು ಪ್ರಚಾರಕ ನಿಜಜೀವನದಲ್ಲಿ ಡೇವಿಡ್ ಅವರ ತಂದೆ ಜಾನ್ ಕ್ಯಾರಡೈನ್ ಎಂದು ತಿಳಿದು ಆ ಇಬ್ಬರ ಮಾತುಕತೆಯನ್ನು ಇನ್ನೊಮ್ಮೆ ಕೇಳುವುದು, ಹದಿಹರೆಯದ ಕೇನ್ ಆಗಿ ಕಾಣಿಸುವವರು ಡೇವಿಡ್ ಅವರ ತಮ್ಮ ಕೀತ್ ಎಂದು ಗುರುತಿಸುವುದು, ಇವೆಲ್ಲ ಮಕ್ಕಳಿಗೆ ಇಷ್ಟವಾದ ಕೆಲಸಗಳು. ಮೊದಲ ಚಿತ್ರಕ್ಕಾಗಿ ತಲೆ ಬೋಳಿಸಿಕೊಂಡ ಕ್ಯಾರಡೈನ್ ಆಮೇಲೆ ಕೂದಲನ್ನು ಬೆಳೆಯಲು ಬಿಟ್ಟರು. ಕೂದಲಿನ ಉದ್ದ ನೋಡಿ ಇದು ಎಷ್ಟನೆಯ ಕಂತು ಎಂದು ಊಹಿಸಿ, ಪುಸ್ತಕ ತೆರೆದು ಸರಿಯೇ ಎಂದು ನೋಡುವುದನ್ನು ಮಕ್ಕಳೇ ಕಂಡುಹಿಡಿದರು.

ಸಮರಕಲೆಯ ವಿಷಯದಲ್ಲಿ ಹೆಚ್ಚು ನಿರೀಕ್ಷಿಸಬಾರದು. ಕ್ಯಾರಡೈನ್ ಈ ಪಾತ್ರಕ್ಕೆ ಬರುವ ಮೊದಲು ಯಾವ ಸಮರಕಲೆಯನ್ನೂ ಕಲಿತವರಲ್ಲ, ನೃತ್ಯದ ಹಿನ್ನೆಲೆ ಇದ್ದವರು; ಡೇವಿಡ್ ಚೌ, ನಂತರ ಕಾಮ್ ಯುಯೆನ್ ಸಲಹೆಗಾರರಾಗಿ ಅವರನ್ನು ತಿದ್ದಿದರು. ಹೊಡೆದಾಟದ ಗಳಿಗೆ ಬಂದಾಗ ಚಿತ್ರವನ್ನು ನಿಧಾನಗತಿಗೆ ಇಳಿಸುವ ತಂತ್ರ ಈ ಧಾರಾವಾಹಿಯ ಗುರುತೇ ಆಯಿತು. ನಿಲುವು, ಉಸಿರು, ಹೆಜ್ಜೆ ಕಲಿಯಲು ಬಯಸುವವರಿಗೆ ಈ ಕೈಪಿಡಿ ಉಪಯೋಗವಿಲ್ಲ.

ನಾಲ್ಕನೆಯ ಪ್ರಶ್ನೆಯೇ ನನಗೆ ಅತ್ಯಂತ ಮುಖ್ಯವಾದದ್ದು. ಗುರುಗಳು ಹೇಳುವ ಮಾತುಗಳು ಬುದ್ಧನವೇ? ಶಾವೊಲಿನ್ ಬೌದ್ಧ ಮಠ, ಅದರಲ್ಲೂ ಚಾನ್ ಪಂಥದ್ದು. ಆದರೆ ಧಾರಾವಾಹಿಯಲ್ಲಿ ಕೇಳಿಬರುವ ಎಷ್ಟೋ ಮಾತುಗಳು ಚೀನಾದ ಪ್ರಾಚೀನ ಜ್ಞಾನಿ ಲಾವೊತ್ಸೆಯ ಹೆಸರಿನಲ್ಲಿ ಬಂದ ‘ದಾವ್ ದ ಜಿಂಗ್’ ಗ್ರಂಥದ ಧಾಟಿಯವು. ಎಲ್ಲಕ್ಕಿಂತ ಮೆತ್ತಗಿರುವ ನೀರೇ ಗಟ್ಟಿಯಾದದ್ದನ್ನು ಗೆಲ್ಲುತ್ತದೆ ಎಂಬ ವಿಚಾರ ಬೌದ್ಧ ಸೂತ್ರಗಳಿಂದ ಬಂದದ್ದಲ್ಲ, ದಾವ್ ಮಾರ್ಗದ್ದು. ಚೀನಾದಲ್ಲಿ ಈ ಎರಡು ಮಾರ್ಗಗಳು ಶತಮಾನಗಳ ಕಾಲ ಒಂದನ್ನೊಂದು ಬೆಳೆಸಿದ್ದರಿಂದ ಹೀಗೆ ಬೆರೆಸಿದ್ದನ್ನು ತಪ್ಪೆಂದು ಹೇಳಲಾರೆ. ಪಿಲಾಟೊ ಧಾರಾವಾಹಿಯ ತತ್ತ್ವವನ್ನು ಪ್ರೀತಿಯಿಂದ ವಿವರಿಸುತ್ತಾರೆ, ಆದರೆ ಅವರ ಗಮನ ಇರುವುದು ಈ ಮಾತುಗಳು ನೋಡುಗರ ಮನಸ್ಸಿನ ಮೇಲೆ ಮಾಡಿದ ಪರಿಣಾಮದ ಮೇಲೆ. ಯಾವ ಮಾತು ಯಾವ ಮೂಲದ್ದು ಎಂಬುದನ್ನು ಕಂತು ಕಂತಿಗೂ ಬಿಡಿಸಿ ತೋರಿಸಿದ್ದರೆ ಏಷ್ಯಾದ ಓದುಗರಿಗೆ ಇದು ಇಮ್ಮಡಿ ಬೆಲೆಯ ಪುಸ್ತಕವಾಗುತ್ತಿತ್ತು.

ನಮ್ಮ ಕಡೆಯ ಓದುಗರು ಇಲ್ಲಿ ತಮ್ಮದೇ ತಿಳಿವಳಿಕೆಯನ್ನು ಸೇರಿಸಿಕೊಳ್ಳಬೇಕಾಗುತ್ತದೆ. ಸಂಸ್ಕೃತದ ‘ಧ್ಯಾನ’ ಎಂಬ ಶಬ್ದವೇ ಚೀನಾದಲ್ಲಿ ‘ಚಾನ್’ ಆಗಿ, ಜಪಾನಿನಲ್ಲಿ ‘ಝೆನ್’ ಆಯಿತು. ಆ ಪಂಥವನ್ನು ಚೀನಾಕ್ಕೆ ಕೊಂಡೊಯ್ದವನೆಂದು ಪರಂಪರೆ ಹೇಳುವ ಬೋಧಿಧರ್ಮ ದಕ್ಷಿಣ ಭಾರತದವನೆಂಬ ನಂಬಿಕೆ ಬಹಳ ಹಳೆಯದು. ಆದರೆ ಶಾವೊಲಿನ್ ಸನ್ಯಾಸಿಗಳಿಗೆ ಸಮರಕಲೆಯನ್ನು ಕಲಿಸಿದವನೂ ಅವನೇ ಎಂಬ ಕಥೆಗೆ ಸಿಗುವ ಆಧಾರ 17ನೇ ಶತಮಾನದ ಗ್ರಂಥವೊಂದರಿಂದ ಈಚಿನದು. ಕರಾಟೆ ತರಗತಿಗಳಲ್ಲಿ ನಾವು ಅದನ್ನು ಇತಿಹಾಸವೆಂದೇ ಮಕ್ಕಳಿಗೆ ಹೇಳುತ್ತ ಬಂದದ್ದು ಸರಿಯಲ್ಲ, ನಾನೂ ಈಗ ತಿದ್ದಿಕೊಂಡಿದ್ದೇನೆ. ಬೌದ್ಧ ಧರ್ಮ ನಮ್ಮ ಕರಾವಳಿಗೆ ದೂರದ ಸಂಗತಿಯೇನೂ ಅಲ್ಲ ಎಂಬುದನ್ನು ತೋರಿಸಲು, ಒಂದು ಭಾನುವಾರ ಮಕ್ಕಳನ್ನು ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿರುವ ಶಾಸನ, ಅದನ್ನು ಆಳುಪ ಅರಸ ಕುಂದವರ್ಮ 968ರಲ್ಲಿ ಕದರಿಕಾ ವಿಹಾರದಲ್ಲಿ ಪ್ರತಿಷ್ಠಾಪಿಸಿದನೆಂದು ಹೇಳುತ್ತದೆ. ವಿಹಾರವೆಂದರೆ ಬೌದ್ಧ ಮಠ; ಲೋಕೇಶ್ವರ ಎಂಬುದು ಬೋಧಿಸತ್ತ್ವ ಅವಲೋಕಿತೇಶ್ವರನ ಹೆಸರು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅದೇ ಬೋಧಿಸತ್ತ್ವನನ್ನು ಚೀನಾದ ಜನ ಗ್ವಾನ್‌ಯಿನ್ ಎಂಬ ಹೆಸರಿನಲ್ಲಿ, ಹೆಣ್ಣಿನ ರೂಪದಲ್ಲಿ ಪೂಜಿಸುತ್ತಾರೆ. ಆ ಕಂಚಿನ ಮುಖವನ್ನು ನೋಡುತ್ತ ನಿಂತ ಹುಡುಗಿ, “ಗುರು ಕಾನ್ ಅವರ ಹಾಗೆಯೇ ಉಂಟು ಸರ್” ಎಂದಳು. ಇಂಥ ಮಾತಿಗೆ ಸ್ಥಳವಿರುವ ಕೈಪಿಡಿಯೊಂದನ್ನು ಕನ್ನಡದಲ್ಲೇ ಯಾರಾದರೂ ಬರೆಯಬೇಕು ಎಂಬ ಆಸೆ ನನಗೆ ಹುಟ್ಟಿದ್ದು ಅಲ್ಲಿ.

ಕಥೆ ನಡೆಯುವ ಕಾಲದ ಅಮೆರಿಕದ ಇತಿಹಾಸವನ್ನೂ ಓದುಗರು ಬೇರೆಡೆಯಿಂದ ತಿಳಿದುಕೊಂಡರೆ ಒಳ್ಳೆಯದು. 1869ರ ಮೇ 10ರಂದು ಪೂರ್ಣಗೊಂಡ, ಅಮೆರಿಕವನ್ನು ಅಡ್ಡಲಾಗಿ ದಾಟುವ ರೈಲುದಾರಿಯ ಪಶ್ಚಿಮ ಭಾಗವನ್ನು ಬೆಟ್ಟ ಕಡಿದು ಹಾಸಿದವರಲ್ಲಿ ಹೆಚ್ಚಿನವರು ಚೀನೀ ಕೂಲಿಗಳು. ಹದಿಮೂರು ವರ್ಷಗಳ ನಂತರ, 1882ರಲ್ಲಿ, ಚೀನೀ ಕಾರ್ಮಿಕರು ಅಮೆರಿಕಕ್ಕೆ ಬರುವುದನ್ನೇ ನಿಷೇಧಿಸುವ ಕಾನೂನು ಬಂತು, 1943ರವರೆಗೂ ಉಳಿಯಿತು. ಮೊದಲ ಚಿತ್ರದಲ್ಲಿ ಕೇನ್ ರೈಲುದಾರಿಯ ಕೂಲಿಗಳ ನಡುವೆ ಕಾಣಿಸುವುದು ಈ ಕಾರಣಕ್ಕೆ. ಒಬ್ಬರಾದರೂ ಮುಂಬಯಿಗೋ ಗಲ್ಫಿಗೋ ದುಡಿಯಲು ಹೋಗದ ಮನೆ ನಮ್ಮ ಜಿಲ್ಲೆಗಳಲ್ಲಿ ಅಪರೂಪ. ಪರದೇಶದಲ್ಲಿ ಅಣ್ಣನನ್ನು ಹುಡುಕುವ ಕಥೆಯ ನೋವು ಮಕ್ಕಳಿಗೆ ವಿವರಣೆಯಿಲ್ಲದೆ ತಲುಪಿತು.

ಪುಸ್ತಕದ ಬಾಹ್ಯ ಸ್ಥಿತಿಯ ಬಗ್ಗೆಯೂ ಹೇಳಬೇಕು. ಚಿತ್ರಗಳು ಕಪ್ಪುಬಿಳುಪು, ಧಾರಾವಾಹಿಯ ಕಂದು ಬಣ್ಣದ ಮಂದ ಬೆಳಕನ್ನು ಅವು ಕೊಡಲಾರವು. ನನ್ನ ಪ್ರತಿಯ ಬೆನ್ನಿನ ಅಂಟು ಒಣಗಿತ್ತು, ಮೊದಲ ಮಳೆಗಾಲದಲ್ಲೇ ಕೆಲವು ಹಾಳೆಗಳು ಬಿಟ್ಟುಕೊಂಡವು, ಅಂಚುಗಳಲ್ಲಿ ಬೂಷ್ಟು ಹಿಡಿಯತೊಡಗಿತು. ಉಡುಪಿಯ ಒಬ್ಬ ಬೈಂಡರ್ ಬಳಿ ಹೊಲಿಸಿ, ಗಟ್ಟಿ ರಟ್ಟು ಹಾಕಿಸಿದ ಮೇಲೆ ಈಗ ಸುಭದ್ರವಾಗಿದೆ. ಹಳೆಯ ಪ್ರತಿ ಕೊಳ್ಳುವ ಕರಾವಳಿಯವರು ಈ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಂಗ್ಲಿಷ್ ಸರಳವಾಗಿದೆ, ಹೈಸ್ಕೂಲು ಮುಗಿಸಿದ ಕನ್ನಡ ಮಾಧ್ಯಮದ ವಿದ್ಯಾರ್ಥಿ ನಿಘಂಟು ಪಕ್ಕದಲ್ಲಿಟ್ಟುಕೊಂಡರೆ ಓದಬಲ್ಲ.

ಧಾರಾವಾಹಿಯ ಡಿವಿಡಿ ಹೊಂದಿರುವವರು, ಅದನ್ನು ಒಮ್ಮೆಯಾದರೂ ಪೂರ್ತಿ ನೋಡಿದವರು ಈ ಕೈಪಿಡಿಯನ್ನು ಹಣ ಕೊಟ್ಟು ಕೊಳ್ಳಬಹುದು ಎಂಬುದು ನನ್ನ ಅಭಿಪ್ರಾಯ. ನೋಡದೆ ಇರುವವರು ಮೊದಲು ಕಂತುಗಳನ್ನು ನೋಡಲಿ. ದಾವ್ ಮಾರ್ಗವನ್ನೋ ಬೌದ್ಧ ಧರ್ಮವನ್ನೋ ತಿಳಿಯಲು ಬಯಸುವವರು ಮೂಲ ಗ್ರಂಥಗಳ ಕನ್ನಡ ಅನುವಾದಗಳಿಗೆ ಹೋಗಲಿ. ನನ್ನ ಪ್ರತಿ ಈಗ ಸಭಾಂಗಣದ ಕಪಾಟಿನಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಇದೆ. ಅದರ ಜೊತೆಗೆ ಒಂದು ನೋಟುಪುಸ್ತಕವನ್ನೂ ಇಟ್ಟಿದ್ದೇವೆ. ಗುರುಗಳ ಮಾತುಗಳಲ್ಲಿ ಯಾವುದು ಎಲ್ಲಿಂದ ಬಂದದ್ದು ಎಂದು ನಮಗೆ ಗೊತ್ತಾದಾಗಲೆಲ್ಲ ಆ ಹುಡುಗಿ ಅದರಲ್ಲಿ ಕನ್ನಡದಲ್ಲಿ ಬರೆಯುತ್ತಾಳೆ. ಈ ಶನಿವಾರ ಎರಡನೆಯ ಸರಣಿ ಆರಂಭವಾಗುತ್ತದೆ. ಕಂತು ಮುಗಿದು ದೀಪ ಹಾಕುವವರೆಗೆ ಕಪಾಟಿನ ಬೀಗದಕೈ ನನ್ನ ಬಳಿಯೇ ಇರುತ್ತದೆ.